ಕಂಬಕ್ಕೆ ನೇತುಬಿದ್ದ ಕೆಂಪು ಜಾಕೆಟ್ಟು

ಫೋಟೋಗೆ ನಿಲ್ಲುವಾಗ ಎರ್ಲಾನ್ ತನ್ನ ಕೆಂಪು ಜಾಕೆಟ್ಟನ್ನು ಎಲ್ಲರ ಹಾಗೆ ತೋಳು ತೂರಿಸಿ ತೊಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಅದನ್ನು ಹೆಗಲ ಮೇಲೆ ಸುಮ್ಮನೆ ಇಳಿಬಿಟ್ಟು, ಲಾ ಪಾಸ್ ನಗರವನ್ನೇ ಕ್ರಯಕ್ಕೆ ಕೊಂಡವನ ಹಾಗೆ ಗದ್ದ ಎತ್ತಿ ನಿಂತ. ಬೆಟ್ಟದ ನೆತ್ತಿಯಲ್ಲಿ ಸಂಜೆಗಾಳಿ ಒಮ್ಮೆ ಬೀಸಿತು. ಜಾಕೆಟ್ಟು ಕೆಳಗಿನ ಸಾವಿರಾರು ತಗಡಿನ ಮಾಡುಗಳ ಕಡೆಗೆ ಹದ್ದಿನ ಹಾಗೆ ಹಾರಿಹೋಯಿತು. ಅದರ ಒಳಜೇಬಿನಲ್ಲಿ ಅವನ ಗುರುತಿನ ಚೀಟಿ ಇತ್ತು.

"ಫೋಟೋ ಚೆನ್ನಾಗಿ ಬಂದಿದೆ. ಜಾಕೆಟ್ ಮಾತ್ರ ಇಲ್ಲ," ಅಂದಳು ಹೆಂಡತಿ ಮಿರ್ತಾ.

ಗುರುತಿನ ಚೀಟಿ ಇಲ್ಲದವನು ಈ ದೇಶದಲ್ಲಿ ಬಸ್ಸು ಹತ್ತುವಂತಿಲ್ಲ. ನೆಮ್ಮದಿಯಾಗಿ ಸಾಯುವಂತೆಯೂ ಇಲ್ಲ. ಸ್ಮಶಾನದ ಗುಮಾಸ್ತನೂ ನಂಬರು ಕೇಳುತ್ತಾನೆ. ಎರ್ಲಾನ್ ಬೇನಿ ಎಂಬ ತಗ್ಗಿನ ಬಯಲುನಾಡಿನ ಔಷಧಿ ಅಂಗಡಿಯೊಂದರ ನೌಕರ. ಬೆನ್ನಿಗೆ ಚೀಲ ಏರಿಸಿ ಹೆಂಡತಿಯೊಡನೆ ದೇಶ ನೋಡಲು ಹೊರಟು ನಾಲ್ಕು ದಿನವಾಗಿತ್ತಷ್ಟೆ. ಆ ರಾತ್ರಿಯಿಡೀ ಅವನಿಗೆ ನಿದ್ದೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಮಿರ್ತಾ ಮಾತ್ರ ಆರಾಮಾಗಿ ನೇರಳೆ ಜೋಳದ ಬಿಸಿ ಗಂಜಿ ಕುಡಿದಳು, ಮಾಂಸದ ಕಡುಬು ಕಚ್ಚಿ ಮುಂಗೈವರೆಗೆ ರಸ ಸುರಿಸಿಕೊಂಡಳು, ಉಣ್ಣೆಯ ಟೊಪ್ಪಿಗೆ ಹತ್ತು ಅಂಗಡಿಯಲ್ಲಿ ಚೌಕಾಸಿ ಮಾಡಿದಳು. "ಸಿಗುತ್ತೆ ಬಿಡೋ. ಇದು ಪ್ರವಾಸ, ಶ್ರಾದ್ಧ ಅಲ್ಲ. ಸ್ವಲ್ಪ ನಗು."

ಆಮೇಲೆ ಕೇಬಲ್ ಕಾರಿನ ತೊಟ್ಟಿಲಲ್ಲಿ ಮೇಲೇರಿ, ಜಾಕೆಟ್ಟು ಹಾರಿದ ದಿಕ್ಕು ಹಿಡಿದು, ಮೆಟ್ಟಿಲ ದಾರಿಯಲ್ಲಿ ಓಣಿಯೊಳಗೆ ಇಳಿದರು. ಹಸಿ ಇಟ್ಟಿಗೆಯ ಮನೆಗಳು, ನೀರು ಬಾರದ ನಲ್ಲಿಗಳು, ಮೋಟುಗೋಡೆಯ ಮೇಲೆ ನಿಂತು ಬೊಗಳುವ ನಾಯಿಗಳು. ತಿರುವಿನಲ್ಲಿ ಎರ್ಲಾನನ ಕಾಲು ನೆಲಕ್ಕೆ ಅಂಟಿಕೊಂಡಿತು.

ಜಾಕೆಟ್ಟು ಸಿಕ್ಕಿತ್ತು. ಅದನ್ನು ತೊಟ್ಟವನು ದೀಪದ ಕಂಬದಿಂದ ಕುತ್ತಿಗೆಗೆ ಹಗ್ಗ ಬಿಗಿಸಿಕೊಂಡು ತೂಗುತ್ತಿದ್ದ. ಹುಲ್ಲು ತುಂಬಿದ ಬೊಂಬೆ. ತಲೆಯ ಜಾಗದಲ್ಲಿ ಬರೀ ಗೋಣಿಯ ಗಂಟು. ಎದೆಯ ಮೇಲೊಂದು ಹಲಗೆ: 'ಸಿಕ್ಕಿದ ಕಳ್ಳನನ್ನು ಸುಡುತ್ತೇವೆ. ಇಂತಿ, ಓಣಿಯ ಜನ.'

"ನಡಿ, ವಾಪಸ್ ಹೋಗೋಣ," ಎಂದಳು ಮಿರ್ತಾ. ಈಗ ಅವಳೂ ನಗುತ್ತಿರಲಿಲ್ಲ.

"ಚೀಟಿ ಅದರ ಜೇಬಲ್ಲೇ ಇರಬಹುದು. ಒಂದೇ ನಿಮಿಷ."

ಅವನು ಇಟ್ಟಿಗೆ ರಾಶಿಯ ಮೇಲೆ ಹತ್ತಿ ಬೊಂಬೆಯ ಸೊಂಟ ತಬ್ಬಿ ಜಾಕೆಟ್ಟಿನೊಳಗೆ ಕೈ ಹಾಕಿದ. ಎಲ್ಲಿಂದಲೋ ಒಂದು ಸೀಟಿ ಕೇಳಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಅರೆಗಳಿಗೆಯಲ್ಲಿ ಇಡೀ ಗುಡ್ಡ ಕುದಿಯುವ ಕುಕ್ಕರಿನ ಹಾಗೆ ಸೀಟಿ ಹಾಕತೊಡಗಿತು. ಬಾಗಿಲುಗಳು ತೆರೆದವು. ದೊಣ್ಣೆ, ಸಲಿಕೆ, ಒಬ್ಬ ಮುದುಕಿಯ ಕೈಯಲ್ಲಿ ಸೌಟು.

"ನೋಡ್ರಪ್ಪಾ ಧೈರ್ಯಾನ! ಕಳ್ಳನ ಬೊಂಬೆ ಜೇಬಿಗೇ ಕೈ ಹಾಕ್ತಾನೆ!" ಎಂದು ಕೂಗಿದವಳು ಬಸೀಲಿಯಾ. ಹಿಂದಿನ ರಾತ್ರಿ ಅವಳ ಅಂಗಳದಿಂದ ತುಂಬಿದ ಗ್ಯಾಸ್ ಸಿಲಿಂಡರು ಕಳುವಾಗಿತ್ತು. ಅದಿದ್ದ ಜಾಗದ ಪಕ್ಕದಲ್ಲೇ ಈ ಜಾಕೆಟ್ಟು ಬಿದ್ದಿತ್ತು.

"ಅಮ್ಮಾ, ಇದು ನನ್ನ ಜಾಕೆಟ್ಟು!" ಎರ್ಲಾನ್ ಬಡಬಡಿಸಿದ. "ನನ್ನದೇ! ಒಳಜೇಬಲ್ಲಿ ನನ್ನ ಗುರುತಿನ ಚೀಟಿ ಇತ್ತು!"

ಓಣಿ ಸಂಘದ ಅಧ್ಯಕ್ಷ ತಿಯೋಫಿಲೊ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ; ಅದನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ.

"ಇವನೇ."

"ಹೌದಣ್ಣಾ, ನಾನೇ! ನಾನೇ!" ಎರ್ಲಾನ್ ಸಂತೋಷದಿಂದ ಕುಣಿದ.

"ಒಪ್ಕೊಂಡ!" ಎಂದಿತು ಗುಂಪು ಒಂದೇ ದನಿಯಲ್ಲಿ.

ಯಾರೋ ಸೀಮೆಎಣ್ಣೆ ಡಬ್ಬಿ ತಂದಿಟ್ಟರು. ಎರಡು ಕೈ ಅವನನ್ನು ಅದೇ ಕಂಬಕ್ಕೆ ಒತ್ತಿದವು. ಮೇಲೆ ಬೊಂಬೆಯ ಹುಲ್ಲುಗಾಲು ಅವನ ನೆತ್ತಿಯನ್ನು ಮೆಲ್ಲನೆ ಸವರುತ್ತಿತ್ತು, ಜಾಗ ಬಿಡ್ತೀನಿ ಬಾ ಎನ್ನುವ ಹಾಗೆ.

"ಪೊಲೀಸರನ್ನ ಕರೀರಿ!" ಮಿರ್ತಾ ಚೀರಿದಳು.

ಗುಂಪು ನಕ್ಕಿತು. ಆ ನಗೆ ಸಲಿಕೆಗಿಂತ ಹರಿತವಾಗಿತ್ತು. "ಪೊಲೀಸರಾ ತಂಗಿ? ಹನ್ನೆರಡು ವರ್ಷದಲ್ಲಿ ಒಂದೇ ಸಲ ಬಂದಿದ್ರು. ನೀರು ಕೊಡಿ ಅಂತ ನಾವು ರಸ್ತೆಗೆ ಅಡ್ಡ ಕೂತಾಗ. ಕಣ್ಣೀರು ಬರಿಸೋ ಹೊಗೆ ಕೊಟ್ಟು ಹೋದ್ರು," ಎಂದ ತಿಯೋಫಿಲೊ. "ಕೆಳಗಿನ ಬಂಗಲೆಗಳಲ್ಲಿ ನಾಯಿ ಕಳೆದ್ರೂ ಜೀಪು ಓಡುತ್ತೆ. ನಮಗೆ ಈ ಬೊಂಬೇನೇ ಪೊಲೀಸು. ಸಂಬಳ ಕೇಳಲ್ಲ, ಲಂಚ ಕೇಳಲ್ಲ, ಲಾಠಿ ಎತ್ತಲ್ಲ."

ಎರ್ಲಾನನಿಗೆ ಅದು ನಿಜವೆನ್ನಿಸಿತು. ನಿಜವಾದದ್ದರಿಂದಲೇ ಇನ್ನೂ ಭಯವಾಯಿತು.

"ಅಣ್ಣಾ, ನಾನು ಬೇನಿಯವನು. ಗಾಳಿ..." ಬೆಟ್ಟದ ತೆಳ್ಳನೆಯ ಗಾಳಿಯಲ್ಲಿ ಮುಂದೆ ಹೇಳಲು ಬಯಲುನಾಡಿನವನಿಗೆ ಉಸಿರು ಸಾಲಲಿಲ್ಲ.

ಸೌಟಿನ ಮುದುಕಿ ಹತ್ತಿರ ಬಂದು ಅವನ ನೀಲಿಗಟ್ಟಿದ ತುಟಿಯನ್ನು ದಿಟ್ಟಿಸಿದಳು. "ಬಸೀಲಿಯಾ, ನಿನ್ನ ಸಿಲಿಂಡರನ್ನ ಕಳ್ಳ ಯಾವ ಕಡೆ ಹೊತ್ಕೊಂಡು ಹೋದ?"

"ಮೇಲ್ಗಡೆ. ನೂರಾ ಹತ್ತು ಮೆಟ್ಲು. ಕಂಬಳಿ ಹೊದ್ದಿದ್ದ, ಮುಖ ಕಾಣ್ಲಿಲ್ಲ. ನಾನು ಅಟ್ಟಿಸ್ಕೊಂಡು ಹೋಗಿ ಸೋತೆ."

"ಹಂಗಾದ್ರೆ ಈ ಬಯಲುನಾಡಿನ ಮೀನಿಗೂ ಒಂದು ಸಿಲಿಂಡರ್ ಹೊರಿಸಿ. ಹತ್ತಿದ್ರೆ ಕಳ್ಳ. ಹತ್ತದಿದ್ರೆ ಮೀನು."

ಬೆನ್ನಿಗೆ ಸಿಲಿಂಡರು ಕಟ್ಟಿದರು. ಬೇಕೆಂದೇ ಬೀಳಬೇಕು ಎಂದು ಎರ್ಲಾನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಇಪ್ಪತ್ತನೆಯ ಮೆಟ್ಟಿಲಲ್ಲಿ ಬಿದ್ದರೆ ನಂಬುತ್ತಾರೆ. ನಟಿಸುವ ಶ್ರಮವನ್ನು ಬೆಟ್ಟ ಅವನಿಗೆ ಕೊಡಲಿಲ್ಲ. ಆರನೆಯ ಮೆಟ್ಟಿಲಲ್ಲಿ ಕಣ್ಣ ಮುಂದೆ ಹಳದಿ ಚುಕ್ಕೆ ಕುಣಿದವು; ಏಳನೆಯದರಲ್ಲಿ ಮಂಡಿ ಮಡಚಿತು. ಸಿಲಿಂಡರಿನ ಜೊತೆಗೆ ಆಮೆಯ ಹಾಗೆ ಅಂಗಾತ ಉರುಳಿ, ಬಾಯಿ ತೆರೆದು ಮುಚ್ಚತೊಡಗಿದ.

"ಮೀನು!" ಎಂದಳು ಮುದುಕಿ.

ಓಣಿಗೆ ಓಣಿಯೇ ಹೊಟ್ಟೆ ಹಿಡಿದು ನಕ್ಕಿತು. ದೊಣ್ಣೆಗಳು ಮೂಲೆ ಸೇರಿದವು. ಯಾರೋ ಕೋಕಾ ಎಲೆಯ ಕಷಾಯ ಕುಡಿಸಿದರು, ಬಸೀಲಿಯಾ ಬಿಸಿ ಆಲೂಗಡ್ಡೆ ತಂದಳು. "ತಿನ್ನು ತಮ್ಮಾ. ನಿನ್ನ ಮೂಳೇಲಿ ಕಳ್ಳತನಕ್ಕೆ ಬೇಕಾದ ಕಸುವೇ ಇಲ್ಲ." ತಿಯೋಫಿಲೊ ತಾನೇ ಬೊಂಬೆಯ ಮೈಯಿಂದ ಜಾಕೆಟ್ಟು ಬಿಚ್ಚಿ ತೊಡಿಸಿದ, ಗುರುತಿನ ಚೀಟಿಯನ್ನು ಅಂಗೈಯಲ್ಲಿಟ್ಟು ಕ್ಷಮೆ ಕೇಳಿದ. ಮಿರ್ತಾ ಅಳುತ್ತಲೇ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡಳು.

ಹೊರಟು ನಿಂತಾಗ ತಿಯೋಫಿಲೊ ಕೆಮ್ಮಿದ.

"ತಮ್ಮಾ, ನೀವು ಉಳ್ಕೊಂಡಿರೋದು ಎಲ್ಲಿ?"

"ಕೆಳಗೆ, ಪೇಟೆಯಲ್ಲಿ."

"ಮೇಲೆ ಹತ್ತಿ ತೊಟ್ಟಿಲಲ್ಲಿ ಹೋಗ್ತೀಯಾ?"

ಎರ್ಲಾನ್ ನೂರಾ ಹತ್ತು ಮೆಟ್ಟಿಲನ್ನು ನೋಡಿದ. ಏಳಕ್ಕೇ ಸತ್ತಿದ್ದ. "ಇಳಿದೇ ಹೋಗ್ತೀವಣ್ಣ."

"ಅದೇ ತೊಂದರೆ." ಅಧ್ಯಕ್ಷ ನೆಲ ನೋಡಿದ. "ಬೆಳಿಗ್ಗೆ ನಿನ್ನ ಚೀಟಿ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ವಿ. ಫೋಟೋನ ತಟ್ಟೆಯಷ್ಟು ದೊಡ್ಡದು ಮಾಡ್ಸಿ, ಪೇಟೆವರೆಗೆ ಹನ್ನೊಂದು ಓಣಿ ಇದಾವಲ್ಲ, ಎಲ್ಲದರ ಬೊಂಬೆ ಮುಖಕ್ಕೂ ಅಂಟಿಸಿ ಬಂದ್ವಿ. ನಮ್ಮ ಬೊಂಬೆಗೆ ಬರೋ ಹೊತ್ತಿಗೆ ಗೋಂದು ಖಾಲಿ."

"ಈಗಲೇ ಫೋನ್ ಮಾಡಿ ಹೇಳಿ!"

"ಹಂಗೆಲ್ಲ ಬಾಯಿಮಾತಲ್ಲಿ ಆಗಲ್ಲ ತಮ್ಮಾ. ಪ್ರತಿ ಓಣಿಗೂ ಸಂಘ ಇದೆ, ಸಭೆ ಆಗಬೇಕು, ಕೈಯೆತ್ತಿ ಒಪ್ಪಬೇಕು. ಭಾನುವಾರ ಖಂಡಿತ ಇಡ್ತೀವಿ."

ಎರ್ಲಾನ್ ಜಾಕೆಟ್ಟು ಬಿಚ್ಚಿ ಚೀಲಕ್ಕೆ ತುರುಕಿದ. ಮುಖವನ್ನು ಎಲ್ಲಿ ತುರುಕುವುದೆಂದು ತಿಳಿಯಲಿಲ್ಲ.

ಕೆಳಗಿನ ಮೊದಲ ಓಣಿಯ ಕಂಬದಲ್ಲಿ ಬೊಂಬೆ ನಿಧಾನವಾಗಿ ಈ ಕಡೆಗೆ ತಿರುಗಿತು. ಅದರ ಕೆಳಗೆ ಕೂತು ಉಣ್ಣೆ ನೂಲುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ಇವನನ್ನು ನೋಡಿದಳು. ಆಮೇಲೆ ಬೊಂಬೆಯನ್ನು ನೋಡಿದಳು. ಮತ್ತೆ ಇವನನ್ನು ನೋಡಿದಳು.

"ಎರ್ಲಾನ್," ಮಿರ್ತಾ ಅವನ ಕೈಯಿಂದ ತನ್ನ ಕೈ ಮೆಲ್ಲನೆ ಬಿಡಿಸಿಕೊಂಡಳು, "ನೀನು ಹತ್ತು ಮೆಟ್ಟಿಲು ಮುಂದೆ ಇಳಿ. ನಾನು ನೀನು ಯಾರು ಅಂತ ಗೊತ್ತಿಲ್ಲದವಳ ಥರ ಬರ್ತೀನಿ."