ಮಗುವಿಗಿಂತ ಮುಂಚೆ ಬಂದ ಮಂಚ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಪುಟ್ಟ ಮಂಚ. ಮಗು ಬರುವ ಮೊದಲೇ ಅದು ಮನೆಗೆ ಬಂದುಬಿಟ್ಟಿತ್ತು.

ಸ್ಮದಾರ್ ಅಬುಲಾಫ್ ಅದನ್ನು ತರಿಸಿದ್ದು ಹೈಫಾದ ಕೆಳಪೇಟೆಯಿಂದ. ಅವಳದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿ. ಇಬ್ಬರು ಹಮಾಲರು ಮಂಚವನ್ನು ಮೇಲಕ್ಕೆ ಹೊತ್ತು ತರುವಷ್ಟರಲ್ಲಿ ಪ್ರತಿ ಮಹಡಿಯಲ್ಲೂ ಬಾಗಿಲುಗಳು ಒಂದೊಂದು ಗೇಣು ತೆರೆದು ಮತ್ತೆ ಮುಚ್ಚಿಕೊಂಡಿದ್ದವು.

ಸ್ಮದಾರಳಿಗೆ ನಲವತ್ತಾರು. ಮದುವೆಯಾಗಿರಲಿಲ್ಲ, ಆಗುವ ಆಸೆಯೂ ಇರಲಿಲ್ಲ. ಆದರೆ ತಾಯಿಯಾಗುವ ಆಸೆ ಬೆಟ್ಟದಷ್ಟಿತ್ತು. ಕಟ್ಟು ಹಲ್ಲು ತಯಾರಿಸುವುದು ಅವಳ ಕಸುಬು. ಕಟ್ಟಡದ ಹಿರಿಯರೆಲ್ಲ ಅಗಿಯುತ್ತಿದ್ದದ್ದು ಅವಳು ಮಾಡಿಕೊಟ್ಟ ಹಲ್ಲಿನಿಂದಲೇ. ಮೂರು ವರ್ಷ ಅರ್ಜಿ ಬರೆದು, ಚಪ್ಪಲಿ ಸವೆಸಿದ ಮೇಲೆ ದತ್ತು ಏಜೆನ್ಸಿಯವರು ಬಲ್ಗೇರಿಯಾದ ಅನಾಥಾಲಯವೊಂದರಲ್ಲಿ ರಾಲಿತ್ಸಾ ಎಂಬ ಮೂರು ವರ್ಷದ ಹುಡುಗಿ ಇದ್ದಾಳೆಂದು ತಿಳಿಸಿದ್ದರು. ಉಳಿದದ್ದು ಒಂದೇ. ಆ ದಿನ ಹನ್ನೊಂದು ಗಂಟೆಗೆ ಪರಿವೀಕ್ಷಕಿ ಬಂದು, ಮನೆ ನೋಡಿ ಸಹಿ ಹಾಕಬೇಕು. ಹಾಕದಿದ್ದರೆ ಮುಂದಿನ ಸರದಿ ಒಂದು ವರ್ಷದ ನಂತರ. ಅಷ್ಟರಲ್ಲಿ ಸ್ಮದಾರಳ ವಯಸ್ಸು ಏಜೆನ್ಸಿಯ ಮಿತಿ ದಾಟಿರುತ್ತಿತ್ತು, ರಾಲಿತ್ಸಾ ಬೇರೆ ಯಾರದೋ ಮಗಳಾಗಿರುತ್ತಿದ್ದಳು.

ಬೆಳಿಗ್ಗೆ ಕೇಕು ತರಲು ಹೋದವಳು ಹತ್ತು ಗಂಟೆಗೆ ಮರಳಿ ಮಗುವಿನ ಕೋಣೆಯ ಬಾಗಿಲು ತೆರೆದರೆ ಕೋಣೆ ಖಾಲಿ. ಮಂಚವಿಲ್ಲ, ಹಾಸಿಗೆಯಿಲ್ಲ, ಆಟಿಕೆಗಳಿಲ್ಲ. ಆನೆಗಳ ಚಿತ್ರವಿದ್ದ ಪರದೆಯೂ ಇಲ್ಲ. ನೆಲದ ನಾಲ್ಕು ಮೂಲೆಗಳಲ್ಲಿ ಮಾತ್ರ ಚಿಟಿಕೆ ಚಿಟಿಕೆ ಉಪ್ಪು ಬಿದ್ದಿತ್ತು.

ಕಳ್ಳರು ಉಪ್ಪು ಉದುರಿಸಿ ಹೋಗುವುದಿಲ್ಲ. ಮನೆಯ ಇನ್ನೊಂದು ಬೀಗದ ಕೈ ಇದ್ದದ್ದು ಒಂದನೇ ಮಹಡಿಯ ಸೋಲಿಕಾಳ ಹತ್ತಿರ.

"ಸೋಲಿಕಾ!" ಸ್ಮದಾರ್ ಮೆಟ್ಟಿಲ ಕಟಾಂಜನದಿಂದ ಬಗ್ಗಿ ಕೂಗಿದಳು.

ಚಿಕ್ಕಂದಿನಲ್ಲಿ ಮೊರಾಕೊದಿಂದ ಹಡಗು ಹತ್ತಿ ಬಂದಿದ್ದ ಎಪ್ಪತ್ತೆಂಟರ ಸೋಲಿಕಾ ಕೈಯೊರೆಸಿಕೊಳ್ಳುತ್ತ ಮೇಲೆ ಬಂದಳು.

"ಯಾಕೇ ಹಂಗೆ ಬಾಯಿ ಮಾಡ್ತೀಯ? ಹೊಟ್ಟೇಲಿರೋ ಮಗುವಿಗೇ ನಾವು ಮುಂಚೆ ಒಂದು ಕಾಲುಚೀಲ ತಂದಿಡಲ್ಲ. ನೀನು ನೋಡಿದ್ರೆ ಮಂಚ, ಹಾಸಿಗೆ, ಪರದೆ ಎಲ್ಲಾ ಜೋಡಿಸ್ಕೊಂಡು ಕೂತಿದ್ದೀಯ. ಯಾರದಾದ್ರೂ ಕಣ್ಣು ಬಿದ್ರೆ?"

"ಈ ಕಟ್ಟಡದಲ್ಲಿ ನಿಮ್ಮ ಕಣ್ಣು ಬಿಟ್ಟು ಇನ್ಯಾರದ್ದು ಬೀಳುತ್ತೆ?"

"ಅದಕ್ಕೇ ಅಂದಿದ್ದು. ನಂಗೇ ಭಯ ಆಯ್ತು."

"ಆಕೆ ಬರ್ತಿರೋದೇ ಮಗುವಿನ ಕೋಣೆ ನೋಡೋಕೆ ಕಣಮ್ಮಾ!"

"ನೋಡ್ಲಿ ಬಿಡು. ಈಗ ಎಷ್ಟು ವಿಶಾಲವಾಗಿ ಕಾಣ್ತಿದೆ!"

ಸಾಮಾನು ಎಲ್ಲೆಲ್ಲಿದೆ ಎಂದು ಸ್ಮದಾರ್ ಕೇಳಿ ತಿಳಿಯುವಷ್ಟರಲ್ಲಿ ಕೆಳಗಿನಿಂದ ಏದುಸಿರು ಕೇಳಿಸಿತು. ಮಂಚ ಮೂರನೇ ಮಹಡಿಯ ನಜ್ಲಾಳ ಮನೆಯಲ್ಲಿ, ಹಾಸಿಗೆ ಮತ್ತು ಆಟಿಕೆ ಎರಡನೇ ಮಹಡಿಯ ಹೆರ್ಮಾನನ ಮನೆಯಲ್ಲಿ, ಉಳಿದದ್ದು ಸೋಲಿಕಾಳಲ್ಲಿ. ಏದುಸಿರು ಪರಿವೀಕ್ಷಕಿ ಶ್ರೀಮತಿ ಗೆಫೆನ್ ಅವರದು.

"ಬಸ್ಸು ಬೇಗ ಸಿಕ್ತು," ಎಂದು ಆಕೆ ದಪ್ಪ ಕನ್ನಡಕ ಒರೆಸಿಕೊಂಡರು. ಅರವತ್ತರ ಆಸುಪಾಸಿನ ಹೆಂಗಸು, ನಗುವುದೂ ತಮ್ಮ ಕೆಲಸದ ನಿಯಮಕ್ಕೆ ವಿರುದ್ಧವೆನ್ನುವಂಥ ಮುಖ. ಸೋಲಿಕಾ ಮೆಲ್ಲಗೆ ಕೆಳಗೆ ಜಾರಿಕೊಂಡಳು.

ಶ್ರೀಮತಿ ಗೆಫೆನ್ ಖಾಲಿ ಕೋಣೆಯ ನಡುವೆ ನಿಂತು ಸುತ್ತ ನೋಡಿದರು.

"ಮಗು ಎಲ್ಲಿ ಮಲಗುತ್ತೆ?"

"ಮಂಚ ಇದೆ ಮೇಡಂ. ಮೂರನೇ ಮಹಡೀಲಿದೆ."

"ಅಂದ್ರೆ ಮಗೂನ ಮೂರನೇ ಮಹಡೀಲಿ ಮಲಗಿಸ್ತೀರಾ?"

"ಇಲ್ಲ, ಇಲ್ಲೇ."

"ಮಂಚ ಅಲ್ಲಿ, ಮಗು ಇಲ್ಲಿ," ಎಂದು ಆಕೆ ಬರೆದುಕೊಂಡರು.

"ಬನ್ನಿ, ತೋರಿಸ್ತೀನಿ. ಅವರೇ ಎಲ್ಲಾ ಹೇಳ್ತಾರೆ," ಎಂದು ಸ್ಮದಾರ್ ಆಕೆಯನ್ನು ಕೆಳಗೆ ಕರೆದೊಯ್ದಳು. ನೆರೆಯವರು ನಿಜ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆಂದು ಅವಳ ಲೆಕ್ಕ. ಕಣ್ಣು ಬೀಳುವ ವಿಷಯದಲ್ಲಿ ಆ ಕಟ್ಟಡದ ಎಲ್ಲ ಧರ್ಮಗಳೂ ಒಂದೇ ಎಂಬುದನ್ನು ಗಾಬರಿಯಲ್ಲಿ ಮರೆತಿದ್ದಳು.

ನಜ್ಲಾ ನಜರೆತ್ ಕಡೆಯವಳು, ಔಷಧದಂಗಡಿಯಲ್ಲಿ ಕೆಲಸ. ಅವಳ ನಡುಮನೆಯಲ್ಲಿ ಮಂಚ ರಾಜಾರೋಷವಾಗಿ ನಿಂತಿತ್ತು. ಅದರ ತುಂಬ ಆಲಿವ್ ಉಪ್ಪಿನಕಾಯಿಯ ಜಾಡಿಗಳಿದ್ದವು.

"ಇದು ಆ ಮಗುವಿನ ಮಂಚ ಅಲ್ವಾ?" ಶ್ರೀಮತಿ ಗೆಫೆನ್ ಕೇಳಿದರು.

"ಮಗುನಾ? ಯಾವ ಮಗು? ಇದು ಉಪ್ಪಿನಕಾಯಿ ಮಂಚ ಕಣ್ರೀ. ನಮ್ಮ ಅಜ್ಜಿ ಕಾಲದಿಂದ್ಲೂ ಜಾಡಿಗಳನ್ನ ಮಂಚದ ಮೇಲೇ ಮಲಗಿಸೋದು."

"ನಜ್ಲಾ, ನಿಜ ಹೇಳೇ!" ಎಂದು ಸ್ಮದಾರ್ ಅಂಗಲಾಚಿದಳು.

ನಜ್ಲಾ ಅವಳ ಕೈ ಅದುಮಿ, ಎಲ್ಲ ನಾನು ನೋಡಿಕೊಳ್ಳುತ್ತೇನೆಂಬಂತೆ ಕಣ್ಣು ಮಿಟುಕಿಸಿದಳು. ಶ್ರೀಮತಿ ಗೆಫೆನ್ ಇನ್ನೊಂದು ಸಾಲು ಬರೆದರು.

ಹೆರ್ಮಾನ್ ಬುಕಾರೆಸ್ಟಿನಿಂದ ಬಂದ ನಿವೃತ್ತ ಗಣಿತದ ಮೇಷ್ಟ್ರು. ಕಟ್ಟಡ ಸಮಿತಿಯ ಅಧ್ಯಕ್ಷ, ಮೇಲಾಗಿ ಘೋಷಿತ ನಾಸ್ತಿಕ. ಇವನಾದರೂ ಉಳಿಸುತ್ತಾನೆಂದು ಸ್ಮದಾರ್ ನಂಬಿದ್ದಳು. ಬಾಗಿಲು ತೆರೆದವನ ಕಂಕುಳಲ್ಲಿ ಬಟ್ಟೆಯ ಮೊಲವಿತ್ತು.

"ಆ ಮೊಲ ಯಾರದ್ದು?"

"ನಂದೇ," ಎಂದ ಹೆರ್ಮಾನ್, ಕೆಂಪಾಗುತ್ತ. "ಅದಿಲ್ದಿದ್ರೆ ನಂಗೆ ನಿದ್ದೆ ಬರಲ್ಲ."

ಹೋದ ತಿಂಗಳಷ್ಟೇ ಸ್ಮದಾರ್ ಅಳತೆ ತೆಗೆದು ಕೂರಿಸಿಕೊಟ್ಟ ಮೇಲಿನ ಸಾಲಿನ ಹಲ್ಲುಗಳ ನಡುವಿನಿಂದಲೇ ಆ ಸುಳ್ಳು ಹೊರಬಿದ್ದಿತ್ತು. ಅವಳಿಗೆ ಆ ಸೆಟ್ಟನ್ನೇ ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು.

"ನೀವು ಇದನ್ನೆಲ್ಲ ನಂಬಲ್ಲ ಅಂತಿದ್ರಲ್ಲ!" ಎಂದು ಕಿವಿಯಲ್ಲಿ ಉಸುರಿದಳು.

"ನಂಬಲ್ಲಮ್ಮ. ಆದ್ರೆ ನಂಬದೋರಿಗೆ ಕಣ್ಣು ಬೀಳಲ್ಲ ಅಂತ ಯಾರಾದ್ರೂ ಸಾಧಿಸಿ ತೋರಿಸಿದ್ದಾರಾ?"

ಇಬ್ಬರೂ ಒಂದನೇ ಮಹಡಿಗೆ ಇಳಿದರು. ಸೋಲಿಕಾ ಮಾತಿಗೆ ಮೊದಲು ಬಂದವರನ್ನು ಅಡುಗೆಮನೆಯಲ್ಲಿ ಕೂರಿಸಿ, ಖಾರದ ಮೀನಿನ ಸಾರು ಬಡಿಸಿದಳು. ಶ್ರೀಮತಿ ಗೆಫೆನ್ ಕೆಲಸದ ವೇಳೆಯಲ್ಲಿ ತಿನ್ನುವುದಿಲ್ಲವೆಂದರು. ಎರಡನೇ ಸಲ ಹಾಕಿಸಿಕೊಳ್ಳುವಾಗ ಏನೂ ಅನ್ನಲಿಲ್ಲ.

"ಸ್ಮದಾರ್ ಬಗ್ಗೆ ಏನು ಹೇಳ್ತೀರಿ?"

"ಅಪರಂಜಿ! ಒಬ್ಬಳೇ ಇರ್ತಾಳೆ ಪಾಪ. ಮುಂದೇನೂ ಒಬ್ಬಳೇ ಇರ್ತಾಳೆ. ಯಾರನ್ನೂ ಎಲ್ಲಿಂದ್ಲೂ ತರೋ ಯೋಚನೆ ಇಲ್ಲ. ಅಲ್ವೇನೇ?"

ಸ್ಮದಾರ್ ತಲೆಯ ಮೇಲೆ ಕೈ ಹೊತ್ತಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದ ಶ್ರೀಮತಿ ಗೆಫೆನ್ ತಣ್ಣೀರಿಗಾಗಿ ಎದ್ದು ಫ್ರಿಜ್ಜಿನ ಮುಂದೆ ಹೋದವರು ಹಾಗೇ ನಿಂತುಬಿಟ್ಟರು. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಭಾನುವಾರ ಸೋಲಿಕಾ, ಸೋಮವಾರ ನಜ್ಲಾ, ಮಂಗಳವಾರ ಹೆರ್ಮಾನ್, ಬುಧವಾರ ಮತ್ತೆ ಸೋಲಿಕಾ, ಹೀಗೆ ಶುಕ್ರವಾರದವರೆಗೆ. ಸ್ಮದಾರಳ ಪಾಲಿಗೆ ಶನಿವಾರವೊಂದನ್ನು ಬಿಟ್ಟಿದ್ದರು.

"ಇದೇನು?"

"ಅದಾ? ಮೆಟ್ಟಿಲು ಗುಡಿಸೋ ಸರದಿ," ಎಂದಳು ಸೋಲಿಕಾ, ಕಣ್ಣು ಮಿಟುಕಿಸದೆ.

"ಇಲ್ಲಿ 'ಜ್ವರ ಬಂದರೆ ಮೊದಲು ನಜ್ಲಾಳನ್ನು ಕರೆಯುವುದು' ಅಂತಿದೆ."

"ಹೌದು, ಮೆಟ್ಟಿಲಿಗೆ."

"'ರಾತ್ರಿ ಹೆದರಿ ಅತ್ತರೆ ಎಷ್ಟು ಹೊತ್ತಾದರೂ ಸೋಲಿಕಾಳನ್ನು ಎಬ್ಬಿಸುವುದು.'"

"ನಮ್ಮ ಮೆಟ್ಟಿಲು ಬಲು ಸೂಕ್ಷ್ಮ ಕಣಮ್ಮ," ಎಂದು ಸೋಲಿಕಾ ಇನ್ನೊಂದು ಮೀನಿನ ತುಂಡು ಬಡಿಸಿದಳು.

ಶ್ರೀಮತಿ ಗೆಫೆನ್ ಫೈಲು ಎತ್ತಿಕೊಂಡು ಮತ್ತೆ ನಾಲ್ಕನೇ ಮಹಡಿಗೆ ಹತ್ತಿದರು. ಸ್ಮದಾರ್ ಹಿಂದೆ ಹಿಂದೆ ಹತ್ತಿದಳು. ಖಾಲಿ ಕೋಣೆಗೆ ಬಂದದ್ದೇ ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಆ ಹಾಳೆ ನೋಡಿದ ಮೇಲೆ ಎಲ್ಲಿ ಹೋಯಿತೋ. ಇಷ್ಟು ಜನ ತನಗೆ ಗೊತ್ತಿಲ್ಲದೆ ಒಂದೆಡೆ ಕೂತು, ರಾತ್ರಿ ಅಳುವ ಮಗುವಿಗೆ ಯಾರು ಏಳಬೇಕೆಂದು ಮಾತಾಡಿಕೊಂಡಿದ್ದರು. ಅವರ ಋಣ ಎಷ್ಟು ಸೆಟ್ ಹಲ್ಲು ಮಾಡಿಕೊಟ್ಟರೂ ತೀರುವಂಥದ್ದಲ್ಲ ಅನ್ನಿಸಿತು. ಅವರ ಪ್ರೀತಿಯೇ ತನ್ನ ಮಗಳನ್ನು ತಪ್ಪಿಸುತ್ತಿದೆಯಲ್ಲ ಎಂದು ಅಳುವೂ ಬಂತು.

"ಅವರು ಹೇಳಿದ್ದೆಲ್ಲ ಸುಳ್ಳು ಮೇಡಂ. ಕಣ್ಣು ಬಿದ್ದೀತು ಅಂತ ಹೆದರಿ ಬಚ್ಚಿಟ್ಟಿದ್ದಾರೆ. ಕೆಟ್ಟೋರಲ್ಲ," ಎಂದು ಕೈಚೀಲ ತಡಕಿ, ಒಂದು ಜೊತೆ ಪುಟ್ಟ ಕೆಂಪು ಶೂ ಹೊರತೆಗೆದಳು. "ಬೆಳಿಗ್ಗೆ ಕೇಕ್ ಜೊತೆ ತಂದೆ. ಅವರ ಕೈಗೆ ಸಿಗದೆ ಉಳಿದಿದ್ದು ಇದೊಂದೇ. ಇದು ಸಾಕಾಗಲ್ಲ, ಅಲ್ವಾ?"

ಶ್ರೀಮತಿ ಗೆಫೆನ್ ಶೂಗಳನ್ನು ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಫೈಲು ಬಿಡಿಸಿದರು. 'ಮಗುವಿನ ಕೋಣೆ' ಎಂಬಲ್ಲಿ 'ಸಿದ್ಧವಾಗಿದೆ' ಎಂದು ಬರೆದು ಸಹಿ ಹಾಕಿದರು.

"ಹತ್ತೊಂಬತ್ತು ವರ್ಷದಿಂದ ಕೋಣೆ ನೋಡ್ತಿದ್ದೀನಿ. ಗೋಡೆ ತುಂಬಾ ಕಾಮನಬಿಲ್ಲು ಬರೆಸಿರ್ತಾರೆ. ಕಷ್ಟಕ್ಕೆ ಯಾರಿದ್ದಾರೆ ಅಂದ್ರೆ ಒಂದು ಹೆಸರು ಹೇಳೋಕಾಗಲ್ಲ. ಇಲ್ಲಿ ಮೆಟ್ಟಿಲಿಗೆ ಜ್ವರ ಬಂದ್ರೂ ಜನ ಓಡಿ ಬರ್ತಾರೆ."

ಸ್ಮದಾರ್ ಆಕೆಯನ್ನು ಬಾಚಿ ತಬ್ಬಿಕೊಂಡಳು. ಥ್ಯಾಂಕ್ಸ್ ಎಂದು ಎಷ್ಟು ಸಲ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಕಣ್ಣೊರೆಸಿಕೊಂಡು ದಡಕ್ಕನೆ ಎದ್ದಳು.

"ಈಗ್ಲೇ ಹೋಗಿ ಮಂಚ ವಾಪಸ್ ತರ್ತೀನಿ!"

"ನಿಂಗೇನು ತಲೆ ಕೆಟ್ಟಿದ್ಯಾ?" ಶ್ರೀಮತಿ ಗೆಫೆನ್ ಅವಳ ಅಂಗಿಯ ತುದಿ ಹಿಡಿದೆಳೆದರು. ಈವರೆಗಿನ ಬಹುವಚನ ಎಲ್ಲೋ ಹಾರಿಹೋಗಿತ್ತು. "ಬಂದಿರೋದು ಸಹಿ. ಮಗು ಇನ್ನೂ ಬಂದಿಲ್ಲ."

ಆಕೆ ಬಾಗಿಲ ಕಡೆಗೊಮ್ಮೆ ನೋಡಿ, ಎಡಭುಜದ ಮೇಲೆ ಮೆಲ್ಲಗೆ ಮೂರು ಸಲ ಥೂ ಥೂ ಥೂ ಎಂದರು. ಆಮೇಲೆ ಸ್ಮದಾರಳ ಕೈಯಿಂದ ಕೆಂಪು ಶೂಗಳನ್ನು ಬಿಡಿಸಿಕೊಂಡು, ಕರವಸ್ತ್ರದಲ್ಲಿ ಸುತ್ತಿ, ತಮ್ಮ ಚೀಲದ ತಳಕ್ಕೆ ತುರುಕಿ ಜಿಪ್ ಎಳೆದರು.

"ನನ್ನ ಆಫೀಸಿನ ಬೀರೂಲಿ ಇರುತ್ತೆ. ಅಲ್ಲಿ ಈಗಾಗ್ಲೇ ಹದಿನೇಳು ಜೊತೆ ಕಾಯ್ತಾ ಇವೆ," ಎಂದರು. "ಇದನ್ನ ಹಾಕೋ ಪುಟ್ಟ ಕಾಲುಗಳ್ನ ಕರ್ಕೊಂಡು ಬಾ, ಕೊಡ್ತೀನಿ."