ಕೊನೆ ಬೆಂಚಿನ ಕೆಮಿಸ್ಟು

ಕೊಡಿಗೇಹಳ್ಳಿಯ ಹನುಮಯ್ಯನವರಿಗೆ ಈ ಜಗತ್ತಿನ ಮೇಲೆ ಇದ್ದ ಸಿಟ್ಟು ಒಂದೇ. ಅವರು ಇಡೀ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು, ಅದನ್ನು ಜನ ಇಷ್ಟು ಚೆನ್ನಾಗಿ ನಂಬಬಾರದಿತ್ತು. ಬೇರೆಯವರು ದಿನಕ್ಕೆ ಹತ್ತು ಸುಳ್ಳು ಹೇಳಿ ಹಾಯಾಗಿ ಓಡಾಡಿಕೊಂಡಿರುತ್ತಾರೆ. ಅವರನ್ನು ಯಾರೂ ನಂಬೋದಿಲ್ಲ, ಹಾಗಾಗಿ ತೊಂದರೆಯೂ ಇಲ್ಲ. ಹನುಮಯ್ಯನವರ ಪಾಡು ಹಾಗಲ್ಲ. ಅವರು ಒಂದೇ ಸಲ ಹೇಳಿ ಹತ್ತೊಂಬತ್ತು ವರ್ಷದಿಂದ ಅನುಭವಿಸುತ್ತಿದ್ದರು.

ಆ ಸುಳ್ಳು ಹುಟ್ಟಿದ್ದು ಅರವತ್ತಾರನೇ ಇಸವಿಯಲ್ಲಿ, ಅಮೃತಹಳ್ಳಿಯಲ್ಲಿ, ಹೆಣ್ಣು ನೋಡೋಕೆ ಹೋದ ದಿನ. ಆಗಿನ್ನೂ ಹನುಮಯ್ಯನವರು ಯಶವಂತಪುರದ ಒಂದು ಫಿನಾಯಿಲ್ ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದರು. ಸೀಸೆಗೆ ಮೈದಾ ಅಂಟು ಸವರಿ ಲೇಬಲ್ ಅಂಟಿಸೋದು ಅವರ ಘನವಾದ ಉದ್ಯೋಗ. ಹೆಣ್ಣಿನ ತಂದೆ ಮುನಿಶಾಮಪ್ಪನವರು "ಏನ್ ಕೆಲ್ಸ ಮಾಡ್ತೀರ?" ಅಂತ ಕೇಳಿದಾಗ "ಫ್ಯಾಕ್ಟ್ರಿ ಕೆಲ್ಸ" ಅಂದು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಬಾಯಿ ಕೇಳಬೇಕಲ್ಲ? "ಕೆಮಿಸ್ಟು" ಅಂದುಬಿಟ್ಟಿತು.

"ಅಂಗಂದ್ರೆ?" ಅಂದರು ಮುನಿಶಾಮಪ್ಪ.

ಹನುಮಯ್ಯನವರು ಜೇಬಿಗೆ ಕೈಹಾಕಿ ಫ್ಯಾಕ್ಟರಿಯ ಸ್ಯಾಂಪಲ್ ಸೀಸೆ ತೆಗೆದರು. (ಹೆಣ್ಣು ನೋಡೋಕೆ ಹೋಗುವವರು ಹೂವು ಹಣ್ಣು ತಗೊಂಡು ಹೋಗ್ತಾರೆ. ಇವರು ಫಿನಾಯಿಲ್ ತಗೊಂಡು ಹೋಗಿದ್ದರು. ಇರಲಿ.) ಒಂದು ಲೋಟ ನೀರು ತರಿಸಿ, ಆ ಕಪ್ಪು ದ್ರವ ನಾಲ್ಕು ತೊಟ್ಟು ಬಿಟ್ಟರು. ನೀರು ಹಾಲಿನ ಹಾಗೆ ಬೆಳ್ಳಗಾಯಿತು.

"ಎಲಾ ಇವ್ನಾ! ಕರೀದು ಬಿಳೀದಾಯ್ತಲ್ಲ!" ಅಂತ ಮುನಿಶಾಮಪ್ಪನವರು ಎದ್ದೇ ನಿಂತರು. ಅವತ್ತೇ ತಾಂಬೂಲ ಬದಲಾಯಿಸಿದ್ದಾಯಿತು. (ಆ ಲೋಟದಲ್ಲಿ ಆಮೇಲೆ ಯಾರು ಕಾಫಿ ಕುಡಿದರೋ, ಇತಿಹಾಸದಲ್ಲಿ ದಾಖಲಾಗಿಲ್ಲ.)

ಅಲ್ಲಿಂದಾಚೆಗೆ ಅಮೃತಹಳ್ಳಿಗೆ ಅವರು 'ಕೆಮಿಸ್ಟ್ ಅಳಿಯಂದ್ರು'. ಅತ್ತೆಗೆ ಮಂಡಿನೋವು ಬಂದರೂ ಇವರನ್ನೇ ಕೇಳೋರು, ಹುಣಸೆ ಮರಕ್ಕೆ ಹುಳ ಬಿದ್ದರೂ ಇವರನ್ನೇ ಕೇಳೋರು. ಎರಡಕ್ಕೂ ಹನುಮಯ್ಯನವರು "ಎಲ್ಲಾ ರಾಸಾಯನಿಕ" ಅಂತ ಗಂಭೀರವಾಗಿ ತಲೆ ಆಡಿಸೋರು. ಅದರಲ್ಲೇ ಬದುಕು ಸಾಗುತ್ತಿತ್ತು, ಮಗಳು ಈಶ್ವರಿ ಪಿಯುಸಿ ಮುಗಿಸುವ ತನಕ.

ಎಂಬತ್ತೈದರ ಬೇಸಿಗೆ. ಈಶ್ವರಿಗೆ ಡಾಕ್ಟರ್ ಆಗಬೇಕು ಅಂತ ಆಸೆ. ಅದಕ್ಕೆ ಮೆಡಿಕಲ್ ಎಂಟ್ರೆನ್ಸ್ ಪರೀಕ್ಷೆ ಬರೀಬೇಕು. ಹುಡುಗಿ ಬಯಾಲಜಿಯಲ್ಲಿ ಹುಲಿ, ಫಿಸಿಕ್ಸಿನಲ್ಲಿ ಪರವಾಗಿಲ್ಲ, ಕೆಮಿಸ್ಟ್ರಿ ಅಂದರೆ ಅಳು. "ಅಮ್ಮಾ, ಟ್ಯೂಷನ್‌ಗೆ ಹೋಗ್ಲಾ?" ಅಂತ ಕೇಳಿದಳು. ಅವಳಮ್ಮ ಲಕ್ಷ್ಮಿದೇವಮ್ಮ ಮೊರದಲ್ಲಿ ರಾಗಿ ಕೇರುತ್ತಾ ಗಂಡನ ಕಡೆ ಒಂದು ನೋಟ ಬಿಟ್ಟರು.

"ಮನೇಲೇ ಕೆಮಿಸ್ಟ್ ಸಾಹೇಬ್ರು ಕೂತವ್ರೆ, ಟೂಷನ್ ಯಾತಕ್ಕವ್ವ? ಏನ್ರೀ, ಯೋಳ್ಕೊಡ್ತೀರೋ ಇಲ್ವೋ? ಆಗಾಕಿಲ್ಲ ಅಂದ್ರೆ ಈಗ್ಲೇ ಅಂದ್ಬುಡಿ."

ಅನ್ನಬಹುದಿತ್ತು. ಎಂಥ ಒಳ್ಳೇ ಅವಕಾಶ! ಬಾಗಿಲು ತೆಗೆದು ದಾರಿ ಬಿಟ್ಟು ನಿಂತ ಹಾಗಿತ್ತು. ಆದರೆ ಮಗಳು ಕಣ್ಣರಳಿಸಿ ನೋಡುತ್ತಿದ್ದಳಲ್ಲ, ಆ ಕಣ್ಣೆದುರಿಗೆ ಲೇಬಲ್ ಅಂಟಿಸೋನು ಅಂತ ಹೇಳೋದು ಹೇಗೆ?

"ಆಗ್ದೇ ಏನು? ನಂದು ದಿನಾ ಅದೇ ಕೆಲ್ಸ ಅಲ್ವಾ!" ಅಂದರು ಹನುಮಯ್ಯ.

ಅವತ್ತು ಸಂಜೆ ಮಗಳು ಪುಸ್ತಕ ಹಿಡಿದು ಎದುರಿಗೆ ಕೂತಳು. "ಅಪ್ಪಾ, ಮೋಲ್ ಅಂದ್ರೇನಪ್ಪ?"

ಹನುಮಯ್ಯನವರು ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಬಹಳ ಒಳ್ಳೇ ಪ್ರಶ್ನೆ. ಇದನ್ನ ನಾಳೆ ವಿಸ್ತಾರವಾಗಿ ನೋಡೋಣ. ಇವತ್ತು ಪುಸ್ತಕಕ್ಕೆ ರಟ್ಟು ಹಾಕ್ಕೋ" ಅಂದರು. ಲೇಬಲ್ ಸೆಕ್ಷನ್ನಿನ ಅನುಭವ ಎಲ್ಲಿಗೆ ಹೋದೀತು? ರಟ್ಟಿಗೆ ಹೆಸರಿನ ಚೀಟಿಯನ್ನು ಒಂದು ಸುಕ್ಕಿಲ್ಲದ ಹಾಗೆ ತಾವೇ ಅಂಟಿಸಿಕೊಟ್ಟರು.

ಮಾರನೆಯ ದಿನ ಫ್ಯಾಕ್ಟರಿ ಬಿಟ್ಟವರು ನೆಟ್ಟಗೆ ಆರ್.ಟಿ. ನಗರಕ್ಕೆ ಹೋದರು. ಅಲ್ಲಿ ರಹಮತುಲ್ಲಾ ಮೇಷ್ಟ್ರು ಅಂತ ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು ಮನೆಯ ಮಹಡಿಯ ಮೇಲೆ ಎಂಟ್ರೆನ್ಸ್ ಟ್ಯೂಷನ್ ನಡೆಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಒಂದು ಬ್ಯಾಚು, ಸಂಜೆ ಆರಕ್ಕೆ ಒಂದು ಬ್ಯಾಚು. ಮೇಷ್ಟ್ರ ಕನ್ನಡ ಕೇಳಿದರೆ ವ್ಯಾಕರಣದ ಪುಸ್ತಕವೇ ಎದ್ದು ಬಂದು ಮಾತಾಡಿದ ಹಾಗಿತ್ತು.

"ಯಾರನ್ನು ಸೇರಿಸಬೇಕು? ಮಗನನ್ನೋ, ಮಗಳನ್ನೋ?"

"ನಾನೇ ಸಾರ್, ಸೇರ್ಬೇಕಾಗಿರೋದು."

ಮೇಷ್ಟ್ರು ಒಂದು ಚೂರೂ ನಗಲಿಲ್ಲ. ಫಾರಂ ಮುಂದಿಟ್ಟರು. "ಜ್ಞಾನಕ್ಕೆ ವಯಸ್ಸಿಲ್ಲ, ಫಾರಂ ಮಾತ್ರ ತುಂಬಬೇಕು. ಪೋಷಕರ ಹೆಸರು, ವಿಳಾಸ ಬರೆಯತಕ್ಕದ್ದು."

"ನನಗೆ ಪೋಷಕ್ರು ಯಾರು ಸಾರ್? ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತು."

"ತಮಗೆ ಮನೆಯಲ್ಲಿ ಅನ್ನ ಹಾಕುವವರು ಯಾರು?"

"ಹೆಂಡ್ತಿ ಸಾರ್."

"ಅವರೇ ಪೋಷಕರು. ಬರೆಯಿರಿ."

ಹನುಮಯ್ಯನವರು ಬರೆದರು. ಸರ್ಕಾರಿ ಫಾರಂ, ರೇಷನ್ ಫಾರಂ ಅಂತ ಎಷ್ಟೋ ತುಂಬಿದ್ದರು. ತುಂಬಿದ ಫಾರಮ್ಮನ್ನು ಯಾರಾದರೂ ಓದುತ್ತಾರೆ ಅನ್ನೋ ಅನುಮಾನ ಅವರಿಗೆ ಯಾವತ್ತೂ ಬಂದಿರಲಿಲ್ಲ.

ಮನೆಯಲ್ಲಿ ಓವರ್‌ಟೈಮ್ ಅಂತ ಹೇಳಿದರು. ಹೀಗೆ ಒಂದನೇ ಸುಳ್ಳಿಗೆ ಹತ್ತೊಂಬತ್ತು ವರ್ಷದ ಮೇಲೆ ಒಂದು ತಮ್ಮ ಹುಟ್ಟಿತು. ವ್ಯವಸ್ಥೆ ಏನೆಂದರೆ, ಆರರಿಂದ ಏಳರವರೆಗೆ ತಾವು ಕಲಿಯೋದು, ಎಂಟರಿಂದ ಒಂಬತ್ತರವರೆಗೆ ಅದನ್ನೇ ಮಗಳಿಗೆ ಹೇಳಿಕೊಡೋದು. ಮಧ್ಯದ ಒಂದು ಗಂಟೆ ಬಸ್ಸಿನಲ್ಲಿ ಅರ್ಧ ಮರೆಯೋದಕ್ಕೆ.

ಕ್ಲಾಸಿನಲ್ಲಿ ಮೊದಲ ದಿನ ಹುಡುಗರೆಲ್ಲ ಇವರನ್ನೇ ಮೇಷ್ಟ್ರು ಅಂದುಕೊಂಡು ಎದ್ದು ನಿಂತು "ಗುಡ್ ಈವ್ನಿಂಗ್ ಸಾರ್" ಅಂದರು. ಹನುಮಯ್ಯನವರು ಕೊನೆ ಬೆಂಚಿಗೆ ಹೋಗಿ ಕೂತಾಗ ಪಕ್ಕದವನು "ಏನ್ ಅಂಕಲ್, ಎಷ್ಟನೇ ಅಟೆಂಪ್ಟು?" ಅಂತ ಕೇಳಿದ. ಎಂಟು ಗಂಟೆ ನಿಂತು ಲೇಬಲ್ ಅಂಟಿಸಿದ ಮೈ, ಬೆಂಚು ಸಿಕ್ಕಿದ ಕೂಡಲೇ ಕಣ್ಣು ಎಳೆಯುತ್ತಿತ್ತು. ಆದರೂ ಮೂರನೆಯ ದಿನದ ಪಾಠಕ್ಕೆ ಮಾತ್ರ ನಿದ್ದೆ ಹಾರಿಹೋಯಿತು.

"ಕಾಗದ ಸುಟ್ಟರೆ ಅದು ರಾಸಾಯನಿಕ ಬದಲಾವಣೆ. ಹೊಸ ವಸ್ತು ಹುಟ್ಟುತ್ತದೆ" ಅಂದರು ಮೇಷ್ಟ್ರು. "ಆದರೆ ಫಿನಾಯಿಲನ್ನು ನೀರಿಗೆ ಹಾಕಿದರೆ ಬೆಳ್ಳಗಾಗುತ್ತದಲ್ಲ, ಅದು ಏನು? ದಡ್ಡರು ಅದನ್ನು ರಾಸಾಯನಿಕ ಕ್ರಿಯೆ ಅಂದುಕೊಳ್ಳುತ್ತಾರೆ. ಅಲ್ಲ! ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹರಡಿಕೊಂಡಿತು, ಅಷ್ಟೇ. ಬರೀ ಭೌತ ಬದಲಾವಣೆ. ಹೊಸದೇನೂ ಹುಟ್ಟಲಿಲ್ಲ."

ಹನುಮಯ್ಯನವರು ಪೆನ್ನು ಕೆಳಗಿಟ್ಟರು. ಯಾವ ಕೆಮಿಸ್ಟ್ರಿಯ ಬಲದಿಂದ ತಾವು ಮದುವೆಯಾದರೋ ಅದರಲ್ಲಿ ಕೆಮಿಸ್ಟ್ರಿಯೇ ಇರಲಿಲ್ಲ!

ಮನೆ ಪಾಠ ಮಾತ್ರ ಭರ್ಜರಿಯಾಗಿ ನಡೆಯುತ್ತಿತ್ತು. "ಆಮ್ಲ ಇದೆಯಲ್ಲ, ಅದು ಕೆಂಪು ಲಿಟ್ಮಸ್ನ ನೀಲಿ ಮಾಡುತ್ತೆ" ಅಂತ ಇವರು ಘೋಷಿಸೋರು.

"ನೀಲೀನ ಕೆಂಪು ಮಾಡುತ್ತೆ ಅಲ್ವೇನಪ್ಪಾ?" ಅನ್ನೋಳು ಈಶ್ವರಿ ಮೆತ್ತಗೆ.

"ನಾನೂ ಅದನ್ನೇ ಹೇಳಿದ್ದು. ನೀನು ಸರಿಯಾಗಿ ಕೇಳಿಸ್ಕೊತೀಯೋ ಇಲ್ವೋ ನೋಡ್ದೆ."

"ಸೋಡಿಯಂ ಒಂದು ಎಲೆಕ್ಟ್ರಾನ್ ಇಸ್ಕೊಳ್ಳುತ್ತೆ" ಅನ್ನೋರು.

"ಕೊಡುತ್ತೆ ಅಪ್ಪಾ. ಇಸ್ಕೊಳ್ಳೋದು ಕ್ಲೋರಿನ್."

"ಭೇಷ್! ಹೇಗೆ ಹಿಡಿದುಬಿಟ್ಟೆ ನೋಡು!"

ಮಗಳು ಇಷ್ಟು ಬೇಗ ಚುರುಕಾಗಿದ್ದು ಕಂಡು ಹನುಮಯ್ಯನವರಿಗೆ ತಮ್ಮ ಬೋಧನಾ ವೈಖರಿಯ ಮೇಲೆ ಅಪಾರ ಗೌರವ ಹುಟ್ಟಿತು. ಹುಡುಗಿ ಬೆಳಗಾಗೆದ್ದು ಐದು ಗಂಟೆಗೇ ಗೆಳತಿ ಮನೆಗೆ ಓದೋಕೆ ಹೋಗಿಬಿಡುತ್ತಿದ್ದಳು. ತಾವು ಹಚ್ಚಿದ ಓದಿನ ಹುಚ್ಚು ಅಂತ ಹನುಮಯ್ಯನವರು ಚಾಪೆ ಮೇಲೆ ಮಗ್ಗುಲು ಬದಲಾಯಿಸುತ್ತಾ ಹಿಗ್ಗುತ್ತಿದ್ದರು.

ತಿಂಗಳ ಕೊನೆಗೆ ಮೇಷ್ಟ್ರು ಟೆಸ್ಟು ಕೊಟ್ಟರು. ಐವತ್ತು ಅಂಕ. ಹನುಮಯ್ಯನವರು ಬರೆದರು, ಸ್ವಲ್ಪ ನಿದ್ದೆಯನ್ನೂ ಮಾಡಿದರು.

ಮುಂದಿನ ಶನಿವಾರ ಮನೆಗೆ ಬಂದರೆ ವಾತಾವರಣವೇ ಬೇರೆ. ಲಕ್ಷ್ಮಿದೇವಮ್ಮ ಕೇಳದೇನೇ ಮುದ್ದೆ ಮೇಲೆ ತುಪ್ಪ ಹಾಕಿದರು. ಹನುಮಯ್ಯನವರು ಮುದ್ದೆ ಮುರಿಯುವ ಕೈ ಹಿಂದಕ್ಕೆ ತಗೊಂಡರು. ಹತ್ತೊಂಬತ್ತು ವರ್ಷದಲ್ಲಿ ಕೇಳದೆ ತುಪ್ಪ ಬಿದ್ದಿದ್ದು ಮೂರೇ ಸಲ, ಮೂರು ಸಲವೂ ಆಮೇಲೆ ಏನೋ ಆಗಿತ್ತು.

"ನಾಳೀಕೆ ಒಂದ್ ಕಡೀಕೆ ಓಗ್ಬೇಕು. ಇಸ್ತ್ರಿ ಪಂಚೆ ಉಟ್ಕಳಿ" ಅಂದರು ಆಕೆ.

"ಎಲ್ಲಿಗೆ?"

"ನೋಡೋರಂತೆ ಬನ್ನಿ."

ಭಾನುವಾರ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು ಲಕ್ಷ್ಮಿದೇವಮ್ಮ ಮುಂದೆ, ಹನುಮಯ್ಯನವರು ಹಿಂದೆ. ಮಗಳು ಅದೇನೋ ನಗು ತಡಕೊಂಡು ಬಾಗಿಲಲ್ಲೇ ನಿಂತಳು. ಯಾರದೋ ಗೃಹಪ್ರವೇಶ ಇರಬೇಕು ಅಂತ ಹನುಮಯ್ಯನವರು ಹೋಳಿಗೆ ನೆನೆಸಿಕೊಳ್ಳುತ್ತಾ ಬಸ್ಸು ಹತ್ತಿದರು. ಹೆಬ್ಬಾಳ ಬಂತು. ಅಲ್ಲಿ ಇಳಿದು ಇನ್ನೊಂದು ಬಸ್ಸು. ಕಂಡಕ್ಟರ್ ಕೇಳಿದಾಗ ಲಕ್ಷ್ಮಿದೇವಮ್ಮ "ಎಲ್ಡು ಆರ್.ಟಿ. ನಗರ" ಅಂದರು. ಹೋಳಿಗೆ ಮಾಯವಾಯಿತು.

"ಆರ್.ಟಿ. ನಗರದಲ್ಲಿ ನಮ್ಗ್ಯಾರಿದಾರೆ?"

"ಅಲ್ಲೊಬ್ರು ಮೇಷ್ಟ್ರು ಅವ್ರಂತೆ" ಅಂದ ಲಕ್ಷ್ಮಿದೇವಮ್ಮ ಸೆರಗಿನ ಗಂಟಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದು ಗಂಡನ ಕೈಗಿಟ್ಟರು.

'ಪೋಷಕರಾದ ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ, ತಮ್ಮ ಪೋಷಣೆಯಲ್ಲಿರುವ ವಿದ್ಯಾರ್ಥಿ ಹನುಮಯ್ಯನು ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಒಂಬತ್ತು ಅಂಕ ಗಳಿಸಿರುತ್ತಾನೆ. ತರಗತಿಯಲ್ಲಿ ತೂಕಡಿಸುತ್ತಾನೆ. ಪೋಷಕರು ಭಾನುವಾರ ವಿದ್ಯಾರ್ಥಿಯೊಡನೆ ಬಂದು ಕಾಣತಕ್ಕದ್ದು.'

ಹನುಮಯ್ಯನವರು ಬಸ್ಸಿನಿಂದ ಹಾರಿಬಿಡೋಣ ಅಂದುಕೊಂಡರು. ಕಿಟಕಿ ಪಕ್ಕ ಹೆಂಡತಿ ಕೂತಿದ್ದರು, ಈ ಕಡೆ ಕಂಡಕ್ಟರ್ ನಿಂತಿದ್ದ.

ಮೇಷ್ಟ್ರು ಪೋಷಕರಿಗೆ ಕುರ್ಚಿ ಕೊಟ್ಟರು. ವಿದ್ಯಾರ್ಥಿಗೆ ಕೊಡಲಿಲ್ಲ.

"ಅಮ್ಮಾ, ತಮ್ಮ ಮನೆಯದು ನನಗೆ ಅರ್ಥವೇ ಆಗದು. ಒಂದೇ ವಿಳಾಸ. ಬೆಳಗಿನ ಬ್ಯಾಚಿನ ಮೊದಲ ಬೆಂಚಿನಲ್ಲಿ ತಮ್ಮ ಮಗಳು, ನಲವತ್ತೇಳು ಅಂಕ. ಸಂಜೆ ಬ್ಯಾಚಿನ ಕೊನೆ ಬೆಂಚಿನಲ್ಲಿ ಇವರು, ಒಂಬತ್ತು!"

"ಬೆಳಗಿನ ಬ್ಯಾಚಾ?" ಹನುಮಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. "ಈಶ್ವರೀನಾ? ಯಾವಾಗಿಂದ?"

"ನೀವು ರಟ್ಟಾಕಿ ಕೊಟ್ರಲ್ಲ, ಅದರ ಮಾರ್ನೇ ದಿನದಿಂದ" ಅಂದರು ಲಕ್ಷ್ಮಿದೇವಮ್ಮ. "ನನ್ ಮಗಳ ಬಾಳು ನಿಮ್ಮ ಫಿನಾಯಿಲ್ ಮೇಲೆ ಬುಡಾಕಾಯ್ತದಾ?"

"ಅಂದ್ರೆ... ನಿಂಗೆ ಗೊತ್ತಿತ್ತಾ? ನಾನು ಕೆಮಿಸ್ಟ್ ಅಲ್ಲ ಅಂತ?"

"ಮದ್ವೆಯಾದ ಮೂರ್ನೇ ದಿನ ನಿಮ್ಮ ಅಂಗಿ ಒಗೆಯಾಕೆ ಕೂತೆನಲ್ಲ, ಅವತ್ತೇ ಗೊತ್ತಾಯ್ತು. ಕೆಮಿಸ್ಟ್ ತೋಳಿಗೆ ಮೈದಾ ಅಂಟು ಯಾಕ್ರೀ ಮೆತ್ಕಂಡಿರ್ತೈತೆ? ಹತ್ತೊಂಬತ್ತು ವರ್ಸದಿಂದ ನೆನೆಸಿ ನೆನೆಸಿ, ಉಜ್ಜಿ ಉಜ್ಜಿ ನನ್ ಕೈ ಸವೆದೋಯ್ತು. ಇವತ್ತು ಯೋಳ್ತಾರೆ, ನಾಳೆ ಯೋಳ್ತಾರೆ ಅಂತ ಕಾದೆ. ಮಗಳ ಪಾಠಕ್ಕಾದ್ರೂ ಬಾಯ್ ಬುಡ್ತೀರಾ ಅಂದ್ಕಂಡ್ರೆ, ಇಲ್ಲಿ ಬಂದು ಬೆಂಚಲ್ಲಿ ಕೂತವ್ರೆ!" ಅಂದವರಿಗೆ ಕೊನೆಗೆ ನಗುವೋ ಅಳುವೋ ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು.

ಹನುಮಯ್ಯನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಹಾಗಾದ್ರೆ ರಾತ್ರಿ ನನ್ನ ಹತ್ರ ಯಾಕೆ ಪಾಠಕ್ಕೆ ಕೂರ್ತಿದ್ಳು?"

"ನಿಮ್ ಮನಸ್ ನೋಯಿಸ್ಬೇಡ ಅಂತ ನಾನೇ ಕಳಿಸ್ತಿದ್ದೆ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಓಹೋ! ಆ ಹುಡುಗಿ ನನಗೆ ಹೇಳಿದ್ದಳು, ಮನೆಯಲ್ಲಿ ಒಬ್ಬರು ದಿನವೂ ಎಲ್ಲವನ್ನೂ ತಪ್ಪಾಗಿ ಹೇಳುತ್ತಾರೆ, ಅವರನ್ನು ತಿದ್ದಿ ತಿದ್ದಿ ನನಗೆ ಪಾಠ ಬಾಯಿಗೆ ಬಂದಿದೆ ಸಾರ್ ಅಂತ. ಅದು ತಾವೇನು? ತಮ್ಮ ಸೇವೆ ದೊಡ್ಡದು. ಪರೀಕ್ಷೆ ಮುಗಿಯುವ ತನಕ ಹೀಗೆಯೇ ತಪ್ಪು ಹೇಳುತ್ತಿರತಕ್ಕದ್ದು."

ಹನುಮಯ್ಯನವರು ಮೇಷ್ಟ್ರ ಮಾತು ಮೀರಲಿಲ್ಲ. ಮೀರಬೇಕೆಂದರೂ ಅವರಿಂದ ಆಗುತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು, ಲಿಸ್ಟು ಬಂತು, ಈಶ್ವರಿಗೆ ಮೆಡಿಕಲ್ ಸೀಟು ಸಿಕ್ಕಿತು. ಸುದ್ದಿ ಕೇಳಿ ಅಮೃತಹಳ್ಳಿಯಿಂದ ಮುನಿಶಾಮಪ್ಪನವರು ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತುಕೊಂಡೇ ಬಂದರು. ಮೊಮ್ಮಗಳ ಕೊರಳಿಗೆ ಬೀಳಬೇಕಾದ ಹಾರವನ್ನು ಸೀದಾ ಅಳಿಯನ ಕೊರಳಿಗೆ ಹಾಕಿದರು.

"ಎಲ್ಲಾ ನಮ್ಮಳಿಯಂದ್ರ ವಿದ್ಯೆ ಕಣವ್ವ! ಅವತ್ತು ಕರೀದ್ನ ಬಿಳೀದು ಮಾಡ್ದಾಗ್ಲೇ ಅಂದ್ಕಂಡಿದ್ದೆ. ಮನೇಲಿ ಕೆಮಿಸ್ಟ್ ಇದ್ರೆ ಯಾತರ ಭಯ!"

ಹನುಮಯ್ಯನವರು ಹಾರದೊಳಗಿಂದ ಹೆಂಡತಿಯ ಮುಖ ನೋಡಿದರು. ಇನ್ನೇನು, ಮುಗೀತು. ಲಕ್ಷ್ಮಿದೇವಮ್ಮ ಅಪ್ಪನ ಮುಂದೆ ಮಜ್ಜಿಗೆ ಲೋಟ ಇಟ್ಟರು. "ಊಂಕಣಪ್ಪಾ, ಇವ್ರಿಲ್ದಿದ್ರೆ ಆಯ್ತಿರ್ಲಿಲ್ಲ" ಅಂದರು. ಹನುಮಯ್ಯನವರ ಪ್ರಾಣ ಮರಳಿ ಬಂತು, ಕಣ್ಣೂ ಮಂಜಾಯಿತು. ಎಂಥ ಹೆಂಡತಿ!

ಆಕೆ ಒಳಗೆ ಹೋಗಿ ಬಂದರು. ಕೈಯಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ವಾರದ ಆರು ಫ್ಯಾಕ್ಟರಿ ಅಂಗಿ, ಮೇಲೊಂದು ಬಾರ್ ಸೋಪು. ಗಂಡನ ಮುಂದೆ ಇಟ್ಟರು. ಹನುಮಯ್ಯನವರು ಹಾರ ತೆಗೆದು ಮೊಳೆಗೆ ನೇತುಹಾಕಿ, ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಮುನಿಶಾಮಪ್ಪನವರು ಹಿತ್ತಲ ಕಡೆ ಕತ್ತು ಚಾಚಿದರು. ಅಳಿಯಂದಿರು ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆವರು ಸುರಿಸುತ್ತಾ ಅಂಗಿ ತೋಳು ಉಜ್ಜುತ್ತಿದ್ದರು. ಬಕೆಟ್ಟಿನ ನೀರು ಮೈದಾ ಅಂಟು ಬಿಟ್ಟುಕೊಂಡು ಹಾಲಿನ ಹಾಗೆ ಬೆಳ್ಳಗಾಗಿತ್ತು.

"ಅದೇನವ್ವ ಮಾಡ್ತಾವ್ರೆ ಅಳಿಯಂದ್ರು?"

"ಪ್ರಯೋಗ ಮಾಡ್ತಾವ್ರೆ ಕಣಪ್ಪ. ಮಾತಾಡಿಸ್ಬ್ಯಾಡ, ಇನ್ನೂ ಐದು ಅವೆ" ಅಂದರು ಲಕ್ಷ್ಮಿದೇವಮ್ಮ.