ಜೇಬಿನಲ್ಲಿ ಮಾವಿನ ಹಬೆ

ಡಿಸೆಂಬರ್ ತಿಂಗಳು. ಮಾವಿನ ಮರಗಳು ಇನ್ನೂ ಹೂ ಬಿಡುವ ಯೋಚನೆಯನ್ನೇ ಮಾಡಿರಲಿಲ್ಲ. ಆದರೂ ಆ ಭಾನುವಾರ ಬೆಳಿಗ್ಗೆ ಭದ್ರಾವತಿ ಓಲ್ಡ್ ಟೌನಿನ ಅಲ್ಲಾಬಕ್ಷ್ ಸಾಬರ ಜುಬ್ಬಾದ ಜೇಬಿನಿಂದ ಕಳಿತ ಮಾವಿನಹಣ್ಣಿನ ವಾಸನೆ ಘಮ್ಮೆಂದು ಏಳುತ್ತಿತ್ತು. ಅಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಜೇಬಿನಲ್ಲಿದ್ದದ್ದು ಒಂದು ಇ-ಸಿಗರೇಟು. ನೋಡಲು ದಪ್ಪನೆಯ ಪೆನ್ನಿನ ಹಾಗೆ. ಇಂಥದ್ದರೊಳಗೆ ತುಂಬುವುದು ಮಾವಿನ ಪರಿಮಳದ ನಿಕೋಟಿನ್ ದ್ರವ. ತುಟಿಗಿಟ್ಟು ಎಳೆದರೆ ಕಾದು ಹಬೆಯಾಗಿ ಬರುತ್ತಿತ್ತು. ಹೆಂಡತಿ ಹಾಜರಾಬಿಯ ಅಕ್ಕನ ಮಗ ವಸೀಂ, ದುಬೈ ಬಿಟ್ಟು ಬಂದು ಇಲ್ಲೇ ನೆಲೆಸಿದವನು, ಗುಟ್ಟಾಗಿ ಕೈಗಿಟ್ಟಿದ್ದ. "ಖಾಲು, ಬೀಡಿ ಬಿಡೋಕೆ ಆಗ್ತಿಲ್ಲ ಅಂತೀರಲ್ಲ, ಇದನ್ನ ಎಳೀರಿ. ಇದು ಹೊಗೆ ಅಲ್ಲ, ಹಬೆ."

ಇಡ್ಲಿ ಪಾತ್ರೆಯಿಂದಲೂ ಬರುವುದು ಹಬೆಯೇ, ಅದನ್ನು ಯಾರು ಬೈಯುತ್ತಾರೆ ಎಂದು ಸಾಬರು ತೆಗೆದುಕೊಂಡಿದ್ದರು. ಇಡೀ ದೇಶದಲ್ಲೇ ಅದು ನಿಷೇಧವಾದ ವಸ್ತು ಎಂದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿ ಆಗಿತ್ತು: ಕುಶನ್ ಅಂಗಡಿಯ ಅಲ್ಲಾಬಕ್ಷ್, ಮೀಸೆ ಮೂಡಿದಾಗಿನಿಂದ ಬೀಡಿ ಸೇದಿದವರು, ರಾತ್ರಿ ಕಳೆದು ಬೆಳಗಾಗುವುದರೊಳಗೆ ಬಿಟ್ಟುಬಿಟ್ಟರಂತೆ! ಹಾಜರಾಬಿ ಖುಷಿಯಲ್ಲಿ ಶೀರಾ ಮಾಡಿ ಮನೆಮನೆಗೆ ಹಂಚಿದರು. ಜನ ಶೀರಾ ತಿಂದು ಕೈ ತೊಳೆದ ಮೇಲೆ ನಿಜ ಹೇಳುವುದು ಹೇಗೆ? ಸಾಬರು ಅಂಗಡಿಯ ಹಿಂದೆ ಹಳೆ ಸೀಟುಗಳ ರಾಶಿಯಲ್ಲಿ ಕೂತು ಕಳ್ಳ ಬೆಕ್ಕಿನಂತೆ ತಿಂಗಳುಗಟ್ಟಲೆ ಹಬೆ ಎಳೆಯುತ್ತ ಬಂದರು. ದ್ರವ ಮುಗಿದಾಗಲೆಲ್ಲ ವಸೀಂ ತುಂಬಿಕೊಡುತ್ತಿದ್ದ.

ಈ ಕೀರ್ತಿ ಪಕ್ಕದ ಮನೆಯ ಪುಟ್ಟಯ್ಯನವರ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಪುಟ್ಟಯ್ಯ ಹಿರಿಯ ನಾಗರಿಕರ ವೇದಿಕೆಯ ಕಾರ್ಯದರ್ಶಿ. ಯಾರ ಮನೆಯಲ್ಲಿ ಸಾಂಬಾರು ಕುದಿದರೂ ಉಪ್ಪು ನೋಡಲು ಹೋಗುವ ಮನುಷ್ಯ. ಶಿವಮೊಗ್ಗದ ರವೀಂದ್ರನಗರದ ಸಮುದಾಯ ಭವನದಲ್ಲಿ ಚರ್ಚಾಕೂಟ ಏರ್ಪಾಡಾಗಿತ್ತು: 'ನಿಕೋಟಿನ್ ಹಬೆ ದ್ರವಗಳ ಮೇಲಿನ ನಿಷೇಧವನ್ನು ಸಡಿಲಿಸಬೇಕೇ?'

"ನಿಷೇಧದ ಪರ ನೀವು ಮಾತಾಡ್ಬೇಕು ಮಾರಾಯ್ರೆ" ಎಂದರು ಪುಟ್ಟಯ್ಯ. "ಯಾವ ಹಬೆನೂ ಬೇಡ, ಮನಸ್ಸು ಗಟ್ಟಿ ಇದ್ರೆ ಸಾಕು ಅನ್ನೋಕೆ ನಿಮ್ಮಂಥ ಜೀವಂತ ಸಾಕ್ಷಿ ಎಲ್ಲಿ ಸಿಗ್ತದೆ?"

"ನನಗೆ ಭಾಷಣ ಬರಲ್ಲ ಪುಟ್ಟಯ್ಯನೋರೆ."

"ನಿಮ್ಮ ಹೆಸರು ಆಗಲೇ ಕೊಟ್ಟಾಯ್ತು."

ಹೀಗಾಗಿ ಆ ಬೆಳಿಗ್ಗೆ ಸಾಬರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ನಿಂತಾಗಲೇ ಆ ಪೆನ್ನು ಸೋರತೊಡಗಿತ್ತು. ಮನೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ಅಂದು ಹಾಜರಾಬಿ ಬೀರು ಖಾಲಿ ಮಾಡಿ ಬಟ್ಟೆ ಒಗೆಯಲು ಕೂತಿದ್ದರು. ವಸೀಂನ ಮೊಬೈಲ್ ಅಂಗಡಿ ಇದ್ದದ್ದು ಶಿವಮೊಗ್ಗದಲ್ಲೇ. ಬಸ್ಸಿಳಿದ ಕೂಡಲೇ ಅವನ ಕೈಗೆ ತುರುಕಿದರಾಯಿತು ಎಂದುಕೊಂಡು ಸಾಬರು ಹೊರಟರು.

ಬಸ್ಸು ಊರು ದಾಟುವ ಮೊದಲೇ, ಜೊತೆಗೆ ಹೊರಟಿದ್ದ ಪುಟ್ಟಯ್ಯನವರ ಮೂಗು ಕೆಲಸ ಶುರು ಮಾಡಿತು.

"ಮಾವಿನಹಣ್ಣು! ಈ ಕಾಲದಲ್ಲಿ! ಯಾರ್ರೀ ತಂದಿರೋದು?" ಎಂದು ಎದ್ದು ನಿಂತೇ ಕೇಳಿದರು. ಹಿಂದಿನ ಸೀಟಿನ ಹೆಂಗಸಿನ ಬ್ಯಾಗಿನೊಳಗೆ ಇಣುಕಿ, "ಇದ್ರಲ್ಲಿ ಬರೀ ಬದನೆಕಾಯಿ" ಎಂದು ಬಸ್ಸಿಗೆಲ್ಲ ವರದಿ ಕೊಟ್ಟರು. ಆಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಸಾಬರು ವಾಸನೆ ಅಡಗಿಸಲು ಎರಡೂ ಕೈಯಿಂದ ಎದೆಯ ಜೇಬು ಒತ್ತಿ ಹಿಡಿದು, ಬೆವರುತ್ತ ಮುದುರಿ ಕೂತರು. ಹಿಂದಿರುಗಿದ ಪುಟ್ಟಯ್ಯ ಅದನ್ನು ನೋಡಿ ಕಿರುಚಿಕೊಂಡರು.

"ಅಯ್ಯಯ್ಯೋ, ಎದೆ ನೋವು! ಕಂಡಕ್ಟರ್, ಬಸ್ ನಿಲ್ಸಿ!"

"ನೋವಿಲ್ಲ, ಏನೂ ಇಲ್ಲ..."

"ಬೀಡಿ ಬಿಟ್ಟೋರಿಗೆ ಮೊದಲು ಹಿಂಗೇ ಆಗೋದು! ಗುಂಡಿ ಬಿಚ್ರಿ, ಗಾಳಿ ಬಿಡ್ರಿ!"

ಒಬ್ಬರು ಪೇಪರಿನಿಂದ ಗಾಳಿ ಬೀಸಿದರು. ಒಬ್ಬರು ನೀರು ಕುಡಿಸಿದರು. ಬದನೆಕಾಯಿಯ ಹೆಂಗಸು ಕೂಡ ಸಿಟ್ಟು ಮರೆತು ಅಂಗಾಲು ತಿಕ್ಕಿದಳು. ಜೇಬಿನಿಂದ ಕೈ ಎತ್ತುವಂತಿಲ್ಲ, ಎತ್ತದಿದ್ದರೆ ಆಸ್ಪತ್ರೆ. ಕೊನೆಗೆ ಸಾಬರು, "ಭಾಷಣದ ಹೆದರಿಕೆ ಅಷ್ಟೇ" ಎಂದು ಬೇಡಿಕೊಂಡು ಬಿಡಿಸಿಕೊಂಡರು. ಅದರ ಫಲ ಏನೆಂದರೆ, ಶಿವಮೊಗ್ಗದಲ್ಲಿ ಇಳಿದ ಮೇಲೆ ಪುಟ್ಟಯ್ಯ ಅವರ ತೋಳು ಬಿಡಲೇ ಇಲ್ಲ. ವಸೀಂನ ಅಂಗಡಿಯ ಮುಂದೆಯೇ ಆಟೋ ಹಾದುಹೋಯಿತು. ಸಾಬರು ಅದನ್ನು ತಪ್ಪಿಹೋದ ರೈಲಿನಂತೆ ನೋಡುತ್ತ ಕೂತರು.

ಭವನ ತುಂಬಿತ್ತು. ಅಧ್ಯಕ್ಷತೆ ನಿವೃತ್ತ ಮುಖ್ಯೋಪಾಧ್ಯಾಯಿನಿ ಶಕುಂತಲಮ್ಮನವರದು. ಅವರೇ ಮೊದಲು ನಿಷೇಧದ ಪರ ಎದ್ದರು.

"ಮಾವು, ಸ್ಟ್ರಾಬೆರಿ, ಬಬಲ್‌ಗಮ್. ಈ ರುಚಿಗಳನ್ನು ಯಾರಿಗಾಗಿ ಮಾಡಿದ್ದಾರೆ? ಬೀಡಿ ಬಿಡಲು ಒದ್ದಾಡುವ ಅಜ್ಜನಿಗಾ? ಅಲ್ಲ. ಬೀಡಿ ಮುಟ್ಟದ ಮೊಮ್ಮಗನಿಗೆ! ಪೆನ್ನಿನ ಹಾಗೆ ಇರೋದನ್ನ ಶಾಲೆಯ ಬ್ಯಾಗಿನಲ್ಲಿ ಹುಡುಕೋದು ಹೇಗೆ?"

ನಿಜ ನಿಜ ಎಂದು ಸಾಬರು ತಲೆಯಾಡಿಸಿದರು.

ಮುಂದೆ ಎದ್ದವಳು ಭೂಮಿಕಾ, ಹಲ್ಲಿನ ಡಾಕ್ಟರು, ಚೂಟಿ ಹುಡುಗಿ. "ಮಕ್ಕಳಿಗೆ ಸಿಗಬಾರದು, ಒಪ್ಪಿದೆ. ಆದರೆ ಈ ಭವನದಿಂದ ಹೊರಗೆ ಕಾಲಿಟ್ಟರೆ ಬೀಡಿ ಸಿಗುತ್ತೆ, ಸಿಗರೇಟು ಸಿಗುತ್ತೆ. ಜಾಸ್ತಿ ಸುಡೋದಕ್ಕೆ ಅಂಗಡಿ, ಕಡಿಮೆ ಸುಡಬಹುದಾದ್ದಕ್ಕೆ ಜೈಲಾ? ನಿಷೇಧ ಮಾಡಿದ್ದಕ್ಕೆ ಇದೇನೂ ನಿಂತಿಲ್ಲ, ಕದ್ದು ಬರ್ತಿದೆ. ಒಳಗೆ ಏನಿದೆ, ಎಷ್ಟಿದೆ, ಯಾರಿಗೂ ಗೊತ್ತಿಲ್ಲ. ಡಾಕ್ಟರ್ ಚೀಟಿ ಮೇಲೆ, ಅಳತೆ ಗೊತ್ತುಮಾಡಿ, ದೊಡ್ಡವರಿಗೆ ಮಾತ್ರ ಕೊಟ್ಟರೆ ಆಗಲ್ವಾ?"

ಇದಕ್ಕೂ ಸಾಬರು ಜೋರಾಗಿಯೇ ತಲೆಯಾಡಿಸಿದರು. ಪುಟ್ಟಯ್ಯ ಕುರ್ಚಿಯ ಕೆಳಗೆ ಅವರ ಕಾಲು ತುಳಿದರು. "ನೀವು ನಮ್ಮ ಕಡೆ ಮಾರಾಯ್ರೆ!"

ಇವರ ಸರದಿ ಬಂತು. ಪುಟ್ಟಯ್ಯ ವಿಡಿಯೋ ತೆಗೆಯಲು ಮೊಬೈಲ್ ಎತ್ತಿ ಹಿಡಿದರು. ಸಾಬರು ಮೈಕಿನ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡರು.

"ನಾನು ಹೆಚ್ಚು ಓದಿದೋನಲ್ಲ. ನಿಷೇಧ ಇರ್ಲಿ. ಈ ಹಬೆ ಗಿಬೆ ನಮ್ಮಂಥೋರಿಗೆ ಯಾಕೆ? ಮನಸ್ಸು ಗಟ್ಟಿ ಇದ್ರೆ..."

ಅಷ್ಟರಲ್ಲಿ ಎದೆಯ ಬಳಿ ಬೆಚ್ಚಗಾಯಿತು. ಸೋರಿದ ದ್ರವ ಒಳಗೆಲ್ಲೋ ನುಗ್ಗಿ ಆ ಯಂತ್ರ ತಾನಾಗಿಯೇ ಕೆಲಸ ಶುರು ಮಾಡಿತ್ತು. ಜೇಬಿನ ಬಾಯಿಂದ ಬಿಳಿ ಹಬೆ ಎಳೆ ಎಳೆಯಾಗಿ ಎದ್ದು ಸಾಬರ ಗಡ್ಡವನ್ನು ಬಳಸಿಕೊಂಡಿತು. ಧೂಪ ಹಾಕಿದ ದರ್ಗಾದ ಹಾಗೆ ಅವರು ಹಬೆಯ ನಡುವೆ ನಿಂತಿದ್ದರು.

"ಮೊಬೈಲ್ ಬ್ಯಾಟರಿ! ಸಿಡಿಯುತ್ತೆ!" ಎಂದು ಯಾರೋ ಕೂಗಿದರು. ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬಿತ್ತು. ಶಕುಂತಲಮ್ಮ ಮಾತ್ರ ಮುಖ್ಯೋಪಾಧ್ಯಾಯಿನಿಯ ಸಮಯಪ್ರಜ್ಞೆಯಿಂದ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ ಸಾಬರ ಎದೆಗೆ ಸುರಿದೇ ಬಿಟ್ಟರು. ಪುಟ್ಟಯ್ಯ ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಹಾರಿ ಬಂದು ಜೇಬಿಗೆ ಕೈ ಹಾಕಿ ಹೊರಗೆಳೆದರು. ಕೈಯಲ್ಲಿ ಬಂದದ್ದು ಮೊಬೈಲಲ್ಲ. ಭವನದ ತುಂಬ ಮಾವಿನಹಣ್ಣಿನ ವಾಸನೆ.

"ಬಸ್ಸಲ್ಲೂ ಇದೇ ವಾಸನೆ..." ಎಂದು ಪುಟ್ಟಯ್ಯನವರ ದನಿ ಇಳಿಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸಾಬರಿಗೆ ಸುಲಭವಾಗುತ್ತಿತ್ತು. ತೊಟ್ಟಿಕ್ಕುವ ಜುಬ್ಬಾದಲ್ಲೇ ಅವರು ಮತ್ತೆ ಮೈಕು ಹಿಡಿದರು.

"ನಾನು ಸುಳ್ಳುಗಾರ. ಬೀಡಿ ಬಿಟ್ಟಿದ್ದು ನಿಜ, ಮನಸ್ಸು ಗಟ್ಟಿ ಇದ್ದಿದ್ದು ಸುಳ್ಳು. ನನ್ನ ಹೆಂಡ್ತಿ ಮದುವೆ ಆದಾಗಿಂದ ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ಲು. ಬೀಡಿ ವಾಸ್ನೆಗೆ. ಒಂದು ದಿನಾನೂ ಬಾಯಿಬಿಟ್ಟು ಹೇಳಿದೋಳಲ್ಲ. ಇದು ಬಂದ್ಮೇಲೆ ಒಂದಿನ ಈ ಕಡೆ ತಿರುಗಿ ಮಲಗಿದ್ಲು. ಇಷ್ಟು ವರ್ಷ ಆದ್ಮೇಲೆ ಅವಳು ನಿದ್ದೆ ಮಾಡೋ ಮುಖ ನೋಡಿದೆ. ಅದನ್ನ ಕಳಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಸರ್ಕಾರ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವಳಿಗೆ ಮೋಸ ಮಾಡಿದ್ದು ತಪ್ಪು."

ಬಾಗಿಲ ಹತ್ತಿರ ಯಾರೋ ಮೂಗು ಸೇದಿದ ಸದ್ದು. ನೋಡಿದರೆ ಹಾಜರಾಬಿ! ಗಂಡ ಮೊದಲ ಸಲ ವೇದಿಕೆ ಹತ್ತುವುದನ್ನು ನೋಡದೆ ಇರಲಾರದೆ, ಒಗೆಯುವ ಬಟ್ಟೆ ಅಲ್ಲೇ ಬಿಟ್ಟು ಮುಂದಿನ ಬಸ್ಸಿಗೆ ಬಂದಿದ್ದರು. ಬುರ್ಖಾದ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಸೀದಾ ವೇದಿಕೆಯ ಬಳಿ ಬಂದರು.

"ಅಜೀ, ಮೋಸ ನೀವೊಬ್ರೇ ಮಾಡಿಲ್ಲ" ಎಂದರು. "ಆ ಪೆನ್ನು ನನಗೆ ಮೊದಲ ವಾರದಲ್ಲೇ ಸಿಕ್ಕಿತ್ತು. ವಸೀಂನ ಕಿವಿ ಹಿಂಡಿದೆ. ಹಾಲಿನೋನು ನೀರು ಬೆರೆಸೋ ಹಾಗೆ ಪ್ರತಿ ಸಲ ಔಷಧ ಕಮ್ಮಿ ಮಾಡ್ತಾ ಬಾ ಅಂದೆ. ಈಗ ಎರಡು ತಿಂಗಳಿಂದ ಅದ್ರಲ್ಲಿ ನಿಕೋಟಿನ್ ಒಂದು ತೊಟ್ಟೂ ಇಲ್ಲ. ಬರೀ ಮಾವಿನ ವಾಸ್ನೆ. ನೀವು ನಿಜವಾಗ್ಲೂ ಬಿಟ್ಟಿದೀರ!"

ಭವನ ಚಪ್ಪಾಳೆಯಿಂದ ಬಿರಿಯಿತು. "ನೋಡಿದ್ರಾ, ಹಂತಹಂತವಾಗಿ ಇಳಿಸಿದ್ರೆ ಬಿಡಬಹುದು!" ಎಂದಳು ಭೂಮಿಕಾ. "ನೋಡಿದ್ರಾ, ನಿಕೋಟಿನ್ನೇ ಬೇಕಿರಲಿಲ್ಲ!" ಎಂದರು ಪುಟ್ಟಯ್ಯ. ಎರಡೂ ಪಕ್ಷದವರು ಸಾಬರ ಒಂದೊಂದು ಕೈ ಹಿಡಿದು ತಮ್ಮ ಕಡೆಗೆ ಎಳೆದರು. ಶಕುಂತಲಮ್ಮ ಆ ಪೆನ್ನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, "ನಿಕೋಟಿನ್ ಇರಲಿ ಬಿಡಲಿ, ಈ ಯಂತ್ರವೇ ನಿಷೇಧ. ನಾಳೆ ಸ್ಟೇಷನ್ನಿಗೆ ಒಪ್ಪಿಸ್ತೀನಿ. ಯಾರದ್ದು ಅಂದ್ರೆ, ಸಭೆಯಲ್ಲಿ ಬಿದ್ದಿತ್ತು ಅಂತೀನಿ" ಎಂದು ಮೆಲ್ಲಗೆ ಹೇಳಿದರು.

ಈ ಗದ್ದಲದಲ್ಲಿ ಸಾಬರ ಮುಖ ಬಿಳಿಚಿಕೊಂಡದ್ದನ್ನು ಗಮನಿಸಿದವರು ಹಾಜರಾಬಿ ಒಬ್ಬರೇ.

"ಏನಾಯ್ತು?"

"ಎರಡು ತಿಂಗಳಿಂದ ಏನೂ ಇರ್ಲಿಲ್ವಾ ಅದ್ರಲ್ಲಿ?"

"ಏನೂ ಇರ್ಲಿಲ್ಲ."

"ಮತ್ತೆ..." ಸಾಬರು ಖಾಲಿ ಜೇಬನ್ನು ತಡವಿಕೊಂಡರು. "ಮತ್ತೆ ಈಗ ಯಾಕೆ ಇಷ್ಟು ಬೀಡಿ ಬೇಕು ಅನ್ನಿಸ್ತಿದೆ ಹಾಜರಾ?"

ಹಾಜರಾಬಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಬ್ಬರೂ ಸುಳ್ಳು ಹೇಳಿಕೊಂಡಿದ್ದಷ್ಟು ದಿನ ಮನೆಯಲ್ಲಿ ಆರೋಗ್ಯವಿತ್ತು. ಇಬ್ಬರೂ ಒಂದೇ ವೇದಿಕೆಯಲ್ಲಿ ನಿಜ ಹೇಳಿದ್ದೇ ತಡ, ಹಳೆಯ ಚಟ ಚಪ್ಪಲಿ ಹಾಕಿಕೊಂಡು ವಾಪಸ್ಸು ಬಂದಿತ್ತು.

ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸಾಬರ ಕಾಲು ತಾನಾಗಿ ಬೀಡಿ ಅಂಗಡಿಯ ಕಡೆ ತಿರುಗಿತು. ಹಾಜರಾಬಿ ತಡೆಯಲಿಲ್ಲ. "ಹೋಗೋದಾದ್ರೆ ಹೋಗಿ. ನಾನಿಲ್ಲೇ ನಿಂತಿರ್ತೀನಿ" ಎಂದರು.

ಅಂಗಡಿಯ ಲಿಂಗಪ್ಪ ಇವರನ್ನು ಕಂಡವನೇ ಎದ್ದು ಕೈಮುಗಿದ. ಪುಟ್ಟಯ್ಯ ವಿಡಿಯೋವನ್ನು ಓಲ್ಡ್ ಟೌನಿನ ವಾಟ್ಸಾಪ್ ಗುಂಪುಗಳಿಗೆಲ್ಲ ಆಗಲೇ ಕಳಿಸಿದ್ದರು.

"ಸಾಬ್ರೇ, ನೋಡಿ ಕಣ್ಣಲ್ಲಿ ನೀರು ಬಂತು. ನಮ್ಮ ಹೆಂಗಸ್ರಂತೂ ಐದಾರು ಸಲ ಹಾಕ್ಕೊಂಡು ನೋಡಿದ್ರು. ಏನು ಕೊಡ್ಲಿ? ಬಾಳೆಹಣ್ಣಾ?"

"ಒಂದು ಕಟ್ಟು ಬೀಡಿ."

"ತಮಾಷೆ ಮಾಡ್ತೀರಿ!" ಲಿಂಗಪ್ಪ ನಗುತ್ತ ಬೀಡಿಯ ಡಬ್ಬಿಯನ್ನು ಒಳಗೆ ಸರಿಸಿದ. "ನಿಮಗೆ ಬೀಡಿ ಕೊಟ್ರೆ ಈ ಊರಲ್ಲಿ ನನ್ನ ಅಂಗಡಿ ಇರ್ತದಾ? ಯಾರೂ ಕೊಡಲ್ಲ ಬಿಡಿ."

ಸರ್ಕಾರ ಇ-ಸಿಗರೇಟನ್ನು ನಿಷೇಧಿಸಿತ್ತು. ಓಲ್ಡ್ ಟೌನು ಬೀಡಿಯನ್ನೂ ನಿಷೇಧಿಸಿತು, ಅದೂ ಅಲ್ಲಾಬಕ್ಷ್ ಸಾಬರೊಬ್ಬರಿಗೆ ಮಾತ್ರ. ಸಾಬರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹಿಂದಿರುಗಿದರು.

"ಇವತ್ತು ರಾತ್ರಿ ನನಗೆ ನಿದ್ದೆ ಬರಲ್ಲ ಹಾಜರಾ."

"ನನಗೂ ಬರಲ್ಲ" ಎಂದು ಹಾಜರಾಬಿ ಅವರ ಕೈಯನ್ನು ಬೀದಿಯಲ್ಲೇ, ಎಲ್ಲರ ಎದುರೇ ಹಿಡಿದುಕೊಂಡರು. "ಕೂತು ಚರ್ಚೆ ಮಾಡಣ. ನೀವು ಯಾವ ಪಕ್ಷ ಬೇಕಾದ್ರೂ ತಗೊಳ್ಳಿ. ಅಧ್ಯಕ್ಷತೆ ಮಾತ್ರ ನಂದು."